ಬಾಗಬೇಕಾದದ್ದು ಯಾವುದು? ಸ್ನೋಮೊಬೈಲ್ ಬಂಪರಿನ ಭೌತವಿಜ್ಞಾನ

ಮನೆಯ ಫ್ಯೂಸ್ ಪದೇ ಪದೇ ಹೋಗುತ್ತದೆಂದು ಅದರ ಜಾಗದಲ್ಲಿ ದಪ್ಪ ತಾಮ್ರದ ತಂತಿ ಸುತ್ತುವವರನ್ನು ನಾವೆಲ್ಲ ನೋಡಿದ್ದೇವೆ. ಆಮೇಲೆ ಫ್ಯೂಸ್ ಹೋಗುವುದಿಲ್ಲ, ನಿಜ. ಹೋಗುವುದು ಗೋಡೆಯೊಳಗಿನ ವೈರಿಂಗ್. ವಾಹನಕ್ಕೆ ಬಂಪರ್ ಆಯ್ದುಕೊಳ್ಳುವಾಗಲೂ ಇಂಥದೇ ತಪ್ಪು ನಡೆಯುತ್ತದೆ. ಇದನ್ನು ಅರಿಯಲು ಹಿಮದ ಮೇಲೆ ಓಡುವ ಸ್ನೋಮೊಬೈಲ್ ಒಳ್ಳೆಯ ಉದಾಹರಣೆ.

ಗುಲ್ಮಾರ್ಗಿಗೆ ಹೋದವರು ಈ ವಾಹನವನ್ನು ಕಂಡಿರಬಹುದು. ಮುಂದೆ ಎರಡು ಸ್ಕೀಗಳು, ಹಿಂದೆ ಎಂಜಿನ್ನಿನಿಂದ ಸುತ್ತುವ ಅಗಲವಾದ ರಬ್ಬರ್ ಪಟ್ಟಿ. ಕೆನಡದ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ 1959ರಲ್ಲಿ ಮಾರುಕಟ್ಟೆಗೆ ತಂದ ‘ಸ್ಕೀ-ಡೂ’ ಇದನ್ನು ಜನಪ್ರಿಯಗೊಳಿಸಿತು. ಉತ್ತರ ಅಮೆರಿಕದ ರಾಕಿ ಪರ್ವತಗಳ ಮೆತ್ತನೆಯ ಆಳ ಹಿಮಕ್ಕೆಂದೇ ಇದರ ಬೇರೊಂದು ಬಗೆ ಇದೆ. ಅದರ ಪಟ್ಟಿ ಉದ್ದ. ಹಿಮವನ್ನು ಅಗೆಯುವ ಅದರ ಹಲ್ಲುಗಳು ಆರೇಳು ಸೆಂಟಿಮೀಟರ್ ಎತ್ತರ. ಮೈ ಮಾತ್ರ ಆದಷ್ಟೂ ಹಗುರ. ಕಾರ್ಖಾನೆಯಿಂದ ಬರುವ ಮುಂಬದಿಯ ಬಂಪರ್ ಸಾಮಾನ್ಯವಾಗಿ ತೆಳು. ಆದ್ದರಿಂದ ಅನೇಕರು ಅದನ್ನು ತೆಗೆದು ಅಂಗಡಿಯಿಂದ ಬೇರೆಯದನ್ನು ತಂದು ಹಾಕಿಸುತ್ತಾರೆ. ಯಾವುದನ್ನು ತರಬೇಕು? ‘ಎಲ್ಲಕ್ಕಿಂತ ಗಟ್ಟಿಯಾದದ್ದು’ ಎಂಬುದು ಥಟ್ಟನೆ ಹೊಳೆಯುವ ಉತ್ತರ. ಅದು ಸರಿಯೇ ಎಂದು ಪರೀಕ್ಷಿಸೋಣ.

ಡಿಕ್ಕಿಯ ಲೆಕ್ಕ

ಇಂಧನ ತುಂಬಿದ ವಾಹನದ ರಾಶಿ 240 ಕಿಗ್ರಾಂ ಎಂದಿಟ್ಟುಕೊಳ್ಳಿ. ಅದು ಇಳಿಜಾರಿನಲ್ಲಿ ಜಾರಿ ಸೆಕೆಂಡಿಗೆ 2.5 ಮೀಟರ್ ವೇಗದಲ್ಲಿ, ಅಂದರೆ ಗಂಟೆಗೆ 9 ಕಿಲೋಮೀಟರ್ ವೇಗದಲ್ಲಿ, ಮರಕ್ಕೆ ತಗಲಿತು. ಸವಾರನನ್ನು ಬಿಟ್ಟು ಲೆಕ್ಕ ಹಾಕಿದರೆ ಚಲನಶಕ್ತಿ ½ × 240 × 2.5 × 2.5 = 750 ಜೂಲ್. ವಾಹನ ನಿಲ್ಲಬೇಕಾದರೆ ಈ ಶಕ್ತಿಯೆಲ್ಲ ಎಲ್ಲಾದರೂ ವ್ಯಯವಾಗಲೇಬೇಕು.

ಬಂಪರ್ 10 ಸೆಂಟಿಮೀಟರಿನಷ್ಟು ಬಾಗಿ ವಾಹನವನ್ನು ನಿಲ್ಲಿಸಿದರೆ ಸರಾಸರಿ ಬಲ 750 ÷ 0.1 = 7,500 ನ್ಯೂಟನ್. ಬಂಪರ್ ಜಗ್ಗದೆ, ವಾಹನ 2 ಸೆಂಟಿಮೀಟರಿನಲ್ಲೇ ನಿಂತರೆ ಬಲ 37,500 ನ್ಯೂಟನ್, ಅಂದರೆ ಐದು ಪಟ್ಟು. ಬಾಗದ ಬಂಪರ್ ಈ ಬಲವನ್ನು ನುಂಗುವುದಿಲ್ಲ. ತನ್ನ ಬೋಲ್ಟುಗಳ ಮೂಲಕ ಹಿಂದಿನ ಚೌಕಟ್ಟಿಗೆ ದಾಟಿಸುತ್ತದೆ. ಸ್ಕೀಗಳನ್ನು ಹಿಡಿದಿರುವ ತೋಳುಗಳು ಜೋಡಣೆಯಾಗಿರುವುದು ಆ ಚೌಕಟ್ಟಿಗೇ. ಅದು ಸೊಟ್ಟಗಾದರೆ ಸ್ಕೀಗಳ ನೇರ ತಪ್ಪುತ್ತದೆ, ರಿಪೇರಿಗೆ ಇಡೀ ಮುಂಭಾಗವನ್ನು ಬಿಚ್ಚಬೇಕಾಗುತ್ತದೆ. ಬಾಗಿದ ಬಂಪರನ್ನಾದರೋ ಕೆಲವು ಬೋಲ್ಟು ಬಿಚ್ಚಿ ಬದಲಿಸಬಹುದು.

ಆದ್ದರಿಂದ ಆಯ್ಕೆಯ ಮೊದಲ ಸೂತ್ರ ಹೀಗೆ: ಬಂಪರ್ ದಿನನಿತ್ಯದ ಎಳೆತಕ್ಕೆ ಬಾಗಬಾರದು; ಡಿಕ್ಕಿಯಲ್ಲಿ ಚೌಕಟ್ಟಿಗಿಂತ ಮೊದಲು ಬಾಗಬೇಕು. ಫ್ಯೂಸ್ ಕೆಲಸ ಮಾಡುವುದೂ ಹೀಗೆಯೇ. ವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟು, 3,000 ಜೂಲ್, ಆಗುತ್ತದೆಂಬುದನ್ನೂ ಮರೆಯಬಾರದು. ವೇಗದ ಅಪಘಾತದಿಂದ ಯಾವ ಬಂಪರೂ ಕಾಪಾಡದು.

ಎಳೆತದ ಲೆಕ್ಕ

ಬೆಟ್ಟದ ಸವಾರನಿಗೆ ಬಂಪರ್ ಡಿಕ್ಕಿಗಿಂತ ಹೆಚ್ಚಾಗಿ ಬೇಕಾಗುವುದು ಹಿಡಿಕೆಯಾಗಿ. ಹಿಮದಲ್ಲಿ ಹೂತ ವಾಹನವನ್ನು ಅದನ್ನು ಹಿಡಿದೇ ಎಳೆಯುತ್ತಾರೆ. 30 ಡಿಗ್ರಿ ಇಳಿಜಾರಿನಲ್ಲಿ ತೂಕದ ಅರ್ಧದಷ್ಟು, ಸುಮಾರು 1,200 ನ್ಯೂಟನ್, ವಾಹನವನ್ನು ಕೆಳಗೆ ಎಳೆಯುತ್ತಿರುತ್ತದೆ. ಹಿಮದ ತಡೆ ಬೇರೆ. ಇದು ಡಿಕ್ಕಿಯ 7,500 ನ್ಯೂಟನ್ನಿಗಿಂತ ಬಹಳ ಕಡಿಮೆ. ಇವೆರಡರ ನಡುವಿನ ಅಂತರದಲ್ಲೇ ಒಳ್ಳೆಯ ಬಂಪರಿಗೆ ಜಾಗವಿದೆ. ದಪ್ಪ ಕೈಗವಸು ತೊಟ್ಟ ಕೈ ಕೊಳವೆಯ ಹಿಂದೆ ಸಲೀಸಾಗಿ ಹೋಗುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಬೇಕು.

ಉಕ್ಕೋ ಅಲ್ಯೂಮಿನಿಯಮೋ?

ಇಂಥ ಬಂಪರುಗಳಿಗೆ ಬಳಸುವ ಲೋಹಗಳಲ್ಲಿ 6061 ಎಂಬ ಅಲ್ಯೂಮಿನಿಯಮ್ ಮಿಶ್ರಲೋಹ ಮತ್ತು 4130 ಎಂಬ ಕ್ರೋಮಿಯಮ್-ಮಾಲಿಬ್ಡಿನಮ್ ಉಕ್ಕು ಮುಖ್ಯ. ಉಕ್ಕಿನ ಸಾಂದ್ರತೆ ಅಲ್ಯೂಮಿನಿಯಮಿನ ಸುಮಾರು ಮೂರರಷ್ಟು. ಅದರ ಯಂಗ್ ಗುಣಾಂಕವೂ ಸುಮಾರು ಮೂರರಷ್ಟು. ಹಾಗಾದರೆ ಅಲ್ಯೂಮಿನಿಯಮಿನಿಂದ ಲಾಭವೇನು? ಉತ್ತರ ಕೊಳವೆಯ ಆಕಾರದಲ್ಲಿದೆ. ತೆಳುಗೋಡೆಯ ಕೊಳವೆಯ ಬಿಗಿತ ವ್ಯಾಸದ ಘನಕ್ಕೂ ಗೋಡೆಯ ದಪ್ಪಕ್ಕೂ ಅನುಪಾತದಲ್ಲಿರುತ್ತದೆ. ವ್ಯಾಸವನ್ನು ಇಮ್ಮಡಿಸಿ ದಪ್ಪವನ್ನು ಅರ್ಧ ಮಾಡಿದರೆ ತೂಕ ಅಷ್ಟೇ ಇದ್ದು ಬಿಗಿತ ನಾಲ್ಕು ಪಟ್ಟಾಗುತ್ತದೆ. ಹಗುರ ಲೋಹದಲ್ಲಿ ಗೋಡೆಯನ್ನು ತೀರ ತೆಳುವಾಗಿಸದೆ ವ್ಯಾಸ ಹೆಚ್ಚಿಸಬಹುದು.

ತರಗತಿಯಲ್ಲಿ ಇದನ್ನು ಕಾಗದದಿಂದ ತೋರಿಸಬಹುದು. ಒಂದೇ ಅಳತೆಯ ಮೂರು ಹಾಳೆಗಳನ್ನು ಒಂದೂವರೆ, ಮೂರು ಮತ್ತು ಆರು ಸೆಂಟಿಮೀಟರ್ ವ್ಯಾಸಕ್ಕೆ ಸುರುಳಿ ಸುತ್ತಿ ಅಂಚು ಅಂಟಿಸಿ. ಒಂದೊಂದನ್ನೂ ಎರಡು ಪುಸ್ತಕಗಳ ನಡುವೆ ಸೇತುವೆಯಂತಿಟ್ಟು, ಮಧ್ಯದಲ್ಲಿ ದಾರದಿಂದ ಚೀಲ ತೂಗುಬಿಟ್ಟು ನಾಣ್ಯ ಹಾಕುತ್ತಾ ಹೋಗಿ. ಯಾವುದು ಎಷ್ಟು ಬಾಗಿತು, ಯಾವುದು ಎಲ್ಲಿ ಮುರಿಯಿತು ಎಂದು ವಿದ್ಯಾರ್ಥಿಗಳು ಬರೆದುಕೊಳ್ಳಲಿ. ತೀರ ಅಗಲವಾದ ಸುರುಳಿಯ ಗೋಡೆ ದಾರ ಕುಳಿತ ಜಾಗದಲ್ಲೇ ಒಳಕ್ಕೆ ಕುಸಿಯುವುದನ್ನು ಗಮನಿಸಿ. ವ್ಯಾಸ ಹೆಚ್ಚಿಸುವುದಕ್ಕೂ ಮಿತಿಯಿದೆ.

ಅಲ್ಯೂಮಿನಿಯಮಿಗೆ ಒಂದು ದೌರ್ಬಲ್ಯವಿದೆ. ಉಷ್ಣೋಪಚಾರದಿಂದ ಗಟ್ಟಿಗೊಳಿಸಿದ 6061 ಲೋಹ ವೆಲ್ಡಿಂಗ್ ಮಾಡಿದ ಜಾಗದ ಸುತ್ತ ಮೆತ್ತಗಾಗುತ್ತದೆ. ಅಲ್ಲಿ ಬಲ ಸುಮಾರು ಅರ್ಧಕ್ಕೆ ಇಳಿಯಬಹುದು. ಆದುದರಿಂದ ಬೆಸುಗೆಗಳು ಹೆಚ್ಚು ಬಾಗುವ ಜಾಗದಲ್ಲಿವೆಯೇ, ದೂರದಲ್ಲಿವೆಯೇ ಎಂದು ನೋಡಿ ಕೊಳ್ಳುವುದು ಜಾಣತನ. ಚಳಿಯ ಮಾತು ಬಂದರೆ ಅಲ್ಯೂಮಿನಿಯಮಿಗೇ ಅನುಕೂಲ. ಕೆಲವು ಬಗೆಯ ಉಕ್ಕುಗಳು ಕಡು ಚಳಿಯಲ್ಲಿ ಬಾಗದೆ ಪಟ್ಟನೆ ಸೀಳುತ್ತವೆ. ಅಲ್ಯೂಮಿನಿಯಮಿನ ಸ್ಫಟಿಕರಚನೆಯಲ್ಲಿ ಈ ಬದಲಾವಣೆ ಇಲ್ಲ.

ಮೂತಿಯ ಭಾರ

ಆಳ ಹಿಮದಲ್ಲಿ ಸವಾರ ವಾಹನವನ್ನು ಪಕ್ಕಕ್ಕೆ ವಾಲಿಸಿ ತಿರುಗಿಸುತ್ತಾನೆ. ತಿರುಗುವಿಕೆಗೆ ಒಂದು ಭಾಗ ಒಡ್ಡುವ ಜಡತ್ವ, ಅದು ಗುರುತ್ವ ಕೇಂದ್ರದಿಂದ ಇರುವ ದೂರದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಅರ್ಧ ಮೀಟರ್ ದೂರದಲ್ಲಿ ಸೇರಿಸಿದ ಒಂದು ಕಿಲೋಗ್ರಾಂಗಿಂತ ಒಂದೂವರೆ ಮೀಟರ್ ಮುಂದೆ ಸೇರಿಸಿದ ಒಂದು ಕಿಲೋಗ್ರಾಂ ಒಂಬತ್ತು ಪಟ್ಟು ಕಾಡುತ್ತದೆ. ಬಂಪರ್ ಇರುವುದು ತುತ್ತತುದಿಯಲ್ಲಿ. ಅದು ಕೆಳಗೆ ಜೋತಿದ್ದರೆ ನೇಗಿಲಿನಂತೆ ಹಿಮವನ್ನೂ ತಳ್ಳುತ್ತದೆ. ದೀಪಕ್ಕೂ ಗಾಳಿ ಹೋಗುವ ಕಿಂಡಿಗಳಿಗೂ ಅಡ್ಡ ಬರುವಂತಿರಬಾರದು.

ನಮ್ಮ ರಸ್ತೆಗಳಲ್ಲಿ

ಜೀಪು, ಕಾರುಗಳ ಮುಂದೆ ದಪ್ಪ ಉಕ್ಕಿನ ಕಂಬಿ ಕಟ್ಟಿಸುವವರು ನಮ್ಮಲ್ಲೂ ಇದ್ದಾರೆ. ಅದು ಬಾಗುವುದಿಲ್ಲವೆಂಬುದೇ ಅವರ ಹೆಮ್ಮೆ. ಆದರೆ ಕಾರಿನ ಮುಂಭಾಗ ಕುಗ್ಗುವಂತೆ ರಚನೆಯಾಗಿರುವುದು ಒಳಗಿನವರಿಗೆ ಬೀಳುವ ಬಲ ತಗ್ಗಲೆಂದು. ಕಂಬಿ ಆ ವ್ಯವಸ್ಥೆಯನ್ನು ಕೆಡಿಸುತ್ತದೆ, ಗಾಳಿಚೀಲ ಬಿಚ್ಚಿಕೊಳ್ಳಬೇಕಾದ ಕ್ಷಣವನ್ನೂ ಏರುಪೇರು ಮಾಡಬಲ್ಲದು. ಅಡ್ಡ ಬಂದ ಪಾದಚಾರಿಗಂತೂ ಪ್ರಾಣಾಪಾಯ. ಇಂಥ ಕಂಬಿಗಳು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿಗೆ ವಿರುದ್ಧವೆಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ತಿಳಿಸಿತು.

ಅಂಗಡಿಯವನು ‘ಇದು ಎಷ್ಟು ಗುದ್ದಿದರೂ ಬಾಗುವುದಿಲ್ಲ ಸಾರ್’ ಎಂದಾಗ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಇದು ಬಾಗದಿದ್ದರೆ, ಇದರ ಹಿಂದೆ ಬಾಗುವುದು ಯಾವುದು?