ಬಂಡಿಯ ಬ್ಯಾಟರಿಯೂ ಸೂಕ್ಷ್ಮಯಂತ್ರಗಳೂ

ವಿಜಯಪುರದಿಂದ ಅಥಣಿಯ ಹಾದಿ ಹಿಡಿದರೆ ತಿಕೋಟಾ. ಜಮಖಂಡಿಯ ಹಾದಿ ಹಿಡಿದರೆ ಬಬಲೇಶ್ವರ. ಈ ಹಾದಿಗಳಲ್ಲಿ ಓಡಾಡುವ ಬಸ್ಸು, ಟ್ಯಾಕ್ಸಿಗಳ ಪೈಕಿ 2019ರ ಜನವರಿ 1ರಿಂದೀಚೆಗೆ ನೋಂದಣಿಯಾದವುಗಳಲ್ಲಿ, ಬಂಡಿ ಇರುವ ಸ್ಥಳವನ್ನು ತಿಳಿಸುವ ಯಂತ್ರವೂ ಆಪತ್ತಿನಲ್ಲಿ ಒತ್ತತಕ್ಕ ಗುಂಡಿಯೂ ಇರಬೇಕೆಂದು ಕೇಂದ್ರ ಸರ್ಕಾರದ ನಿಯಮ. ರಾತ್ರಿಯ ವೇಳೆ ಒಬ್ಬಳೇ ಪ್ರಯಾಣ ಮಾಡುವ ಹೆಣ್ಣುಮಗಳು ಆ ಗುಂಡಿಯನ್ನು ಒತ್ತಿದಾಗ ಯಂತ್ರಕ್ಕೆ ವಿದ್ಯುತ್ತೇ ಇಲ್ಲದಿದ್ದರೆ ಗತಿಯೇನು? ಆದುದರಿಂದ ಈ ವಿದ್ಯುತ್ತಿನ ಪೂರೈಕೆ ಸಣ್ಣ ವಿಷಯವಲ್ಲ.

ಕಾರು, ಟ್ರ್ಯಾಕ್ಟರುಗಳ ಬ್ಯಾಟರಿಯನ್ನು 12 ವೋಲ್ಟಿನದೆನ್ನುತ್ತೇವೆ. ಇದು ಹೆಸರಿಗೆ ಮಾತ್ರ. ತುಂಬಿದ ಬ್ಯಾಟರಿ ಸುಮ್ಮನಿರುವಾಗ ಸುಮಾರು 12.6 ವೋಲ್ಟು, ಎಂಜಿನು ಓಡುವಾಗ 14ರ ಆಸುಪಾಸು, ಎಂಜಿನನ್ನು ಚಾಲೂ ಮಾಡುವ ಕ್ಷಣದಲ್ಲಿ, ಬ್ಯಾಟರಿ ದುರ್ಬಲವಾಗಿದ್ದರೆ, 7 ವೋಲ್ಟಿಗೂ ಇಳಿಯಬಹುದು. ಎಂಜಿನು ಓಡುತ್ತಿರುವಾಗ ರಸ್ತೆಯ ಕುಲುಕಾಟಕ್ಕೆ ಬ್ಯಾಟರಿಯ ತಂತಿ ಕಳಚಿತೆನ್ನಿ. ಆಲ್ಟರ್ನೇಟರಿನ ಒತ್ತಡವು ಅರ್ಧ ಸೆಕೆಂಡಿಗೂ ಕಡಿಮೆ ಕಾಲ 100 ವೋಲ್ಟಿನವರೆಗೆ ಏರಬಲ್ಲದು. 5 ವೋಲ್ಟಿಗೆ ಒಗ್ಗಿದ ಸೂಕ್ಷ್ಮಯಂತ್ರಕ್ಕೆ ಇದು ಸಿಡಿಲೇ ಸರಿ.

ಇದಕ್ಕೆ ಪರಿಹಾರವನ್ನು ನಮ್ಮ ಊರಿನ ಹಳೆಯ ಜಲವ್ಯವಸ್ಥೆಯೇ ಸೂಚಿಸುತ್ತದೆ. ಆದಿಲಶಾಹಿಗಳ ಕಾಲದಲ್ಲಿ ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ನೀರು ನಗರಕ್ಕೆ ಬರುತ್ತಿತ್ತು. ಒತ್ತಡಕ್ಕೆ ಕೊಳವೆ ಒಡೆಯದಂತೆ ನಡುನಡುವೆ ಗಂಜ್ ಎಂಬ ಗೋಪುರಗಳನ್ನು ಕಟ್ಟಿದ್ದರು. ಕೊಳವೆಯ ಒತ್ತಡ ಅಲ್ಲಿ ತಗ್ಗುತ್ತಿತ್ತು, ಕೆಸರು ತಳಕ್ಕಿಳಿಯುತ್ತಿತ್ತು. ವಿದ್ಯುತ್ತಿನ ಹಾದಿಯಲ್ಲಿಯೂ ಇಂಥ ಕಾವಲುಗಳು ಬೇಕು.

ಮೊದಲನೆಯದು ಬ್ಯಾಟರಿಯ ಬದಿಯಲ್ಲೇ ಇರತಕ್ಕ ಫ್ಯೂಸು. ದೂರದಲ್ಲಿಟ್ಟರೆ ನಡುವಣ ತಂತಿಗೆ ರಕ್ಷಣೆಯಿಲ್ಲ. ಎರಡನೆಯದು ಡಯೋಡು, ತಂತಿಗಳನ್ನು ತಿರುವುಮುರುವಾಗಿ ಜೋಡಿಸಿದರೂ ಯಂತ್ರವನ್ನು ಉಳಿಸುತ್ತದೆ. ಮೂರನೆಯದು ಮಿತಿ ಮೀರಿದ ಒತ್ತಡವನ್ನು ಹೀರುವ ವಿಶೇಷ ಡಯೋಡು. ಅನಂತರ ಸುರುಳಿ ಮತ್ತು ಕೆಪಾಸಿಟರು. ಇವು ಸಣ್ಣ ಏರಿಳಿತಗಳನ್ನು ಸೋಸುತ್ತವೆ. ಚಾಲೂ ಮಾಡುವಾಗಿನ ಕ್ಷಣಿಕ ಕೊರತೆಯನ್ನು ತುಂಬಲು ದೊಡ್ಡ ಕೆಪಾಸಿಟರೊಂದು, ಇಲ್ಲವೆ ಯಂತ್ರದೊಳಗೇ ಪುಟ್ಟ ಬ್ಯಾಟರಿಯೊಂದು ಇರಬೇಕು.

ಕೊನೆಯದು 5 ವೋಲ್ಟಿಗೆ ಇಳಿಸುವ ಕೆಲಸ. ಸಾದಾ ರೆಗ್ಯುಲೇಟರು 14 ವೋಲ್ಟಿನಿಂದ 5ಕ್ಕೆ ಇಳಿಸಿ 1 ಆಂಪಿಯರ್ ಕೊಡುವಾಗ ನಮಗೆ ದಕ್ಕುವುದು 5 ವಾಟ್. ಶಾಖವಾಗಿ ಹೋಗುವುದು 9 ವಾಟ್. ಬೇಸಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ಇದು ತಕ್ಕುದಲ್ಲ. ಕ್ಷಿಪ್ರವಾಗಿ ಹರಿಸಿ ತಡೆಯುವ ಸ್ವಿಚಿಂಗ್ ರೆಗ್ಯುಲೇಟರಿನಲ್ಲಿ ನಷ್ಟ ಬಹಳ ಕಡಿಮೆ.

ಆಲಮಟ್ಟಿಯ ಹಿನ್ನೀರಿನ ದೋಣಿಗೂ ಇದೇ ನ್ಯಾಯ. ಆದರೆ ಮರದ ದೋಣಿಯಲ್ಲಿ ವಿದ್ಯುತ್ತು ಮರಳಲು ಬಂಡಿಯಂಥ ಲೋಹದ ಚೌಕಟ್ಟಿಲ್ಲ. ಎರಡೂ ತಂತಿಗಳನ್ನು ಎಳೆಯಲೇಬೇಕು. ತೇವವು ತಾಮ್ರವನ್ನು ತಿನ್ನುವುದರಿಂದ ಕೂಡುಗಳನ್ನು ನೀರು ಸೋಕದಂತೆ ಮುಚ್ಚಬೇಕು.

ಇನ್ನೊಂದು ಎಚ್ಚರಿಕೆ. ತಿಕೋಟಾದ ದ್ರಾಕ್ಷಿ ತೋಟದ ಟ್ರ್ಯಾಕ್ಟರು ಕೆಲಸವಿಲ್ಲದೆ ನಿಂತಿದೆಯೆಂದು ಭಾವಿಸೋಣ. ಯಂತ್ರವು ಎಳೆಯುವುದು ಒಂದು ಆಂಪಿಯರಿನ ಇಪ್ಪತ್ತನೆಯ ಒಂದು ಪಾಲಷ್ಟೇ ಆದರೂ, 50 ಆಂಪಿಯರ್-ಗಂಟೆಯ ಬ್ಯಾಟರಿಯ ಅರ್ಧವು ಸುಮಾರು ಮೂರು ವಾರಗಳಲ್ಲಿ ಬರಿದಾಗುತ್ತದೆ; ಬೇಕಾದ ದಿನ ಎಂಜಿನು ಏಳುವುದಿಲ್ಲ. ಬ್ಯಾಟರಿ ಇಳಿದಾಗ ತಾನಾಗಿ ಸಂಬಂಧ ಕಡಿದುಕೊಳ್ಳುವ ಏರ್ಪಾಡು ಇದಕ್ಕೆ ಮದ್ದು.

ಯಂತ್ರವನ್ನು ಕೊಳ್ಳುವಾಗ ಅದು ಏನೇನು ಮಾಡಬಲ್ಲದೆಂದು ನಾವು ವಿಚಾರಿಸುತ್ತೇವೆ. ಅದಕ್ಕೆ ವಿದ್ಯುತ್ತು ಹೇಗೆ ಬರುತ್ತದೆಂಬುದನ್ನೂ ವಿಚಾರಿಸಿದರೆ, ಆಪತ್ತಿನ ಗುಂಡಿ ಆಪತ್ತಿನಲ್ಲಿ ಕೆಲಸಕ್ಕೆ ಬಂದೀತು.