ಶಸ್ತ್ರಾಗಾರದಿಂದ ರೈಲುಹಾದಿಗೆ

ಕುರುಕ್ಷೇತ್ರದ ಕಥೆಯಲ್ಲಿ ಭೀಷ್ಮ, ಕರ್ಣರನ್ನು ನೆನೆಯುವ ನಾವು ಬಲರಾಮನನ್ನು ಅಷ್ಟಾಗಿ ನೆನೆಯುವುದಿಲ್ಲ. ಎರಡು ಪಕ್ಷಗಳೂ ತನ್ನವೇ ಆದಾಗ ಆತನು ಯಾರ ಕಡೆಗೂ ನಿಲ್ಲದೆ ತೀರ್ಥಯಾತ್ರೆಗೆ ಹೊರಟುಹೋದನು. ಅದು ಹೇಡಿತನವೋ, ಧರ್ಮವೋ? ಈ ಪ್ರಶ್ನೆ ಪುರಾಣಕ್ಕೇ ಮುಗಿಯಲಿಲ್ಲ. ಕಳೆದ ಶತಮಾನದ ಹಿಂದಿನ ಶತಮಾನದಲ್ಲಿ ಅಮೆರಿಕದ ಸೇನಾಧಿಕಾರಿಯೊಬ್ಬನು ಇದನ್ನು ತನ್ನ ಬಾಳಿನಲ್ಲಿಯೇ ಎದುರಿಸಬೇಕಾಯಿತು. ಆತನ ಹೆಸರು ಆಲ್‌ಫ್ರೆಡ್ ಮಾರ್ಡಕಾಯ್.

1804ರಲ್ಲಿ ಉತ್ತರ ಕ್ಯಾರೊಲೈನಾದ ವಾರೆಂಟನ್ನಿನಲ್ಲಿ ಯೆಹೂದಿ ಮನೆತನವೊಂದರಲ್ಲಿ ಆತನು ಹುಟ್ಟಿದನು. ತಂದೆ ಆ ಊರಿನಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸುತ್ತಿದ್ದವನು. ಹದಿನೈದನೆಯ ವಯಸ್ಸಿನಲ್ಲಿ ವೆಸ್ಟ್ ಪಾಯಿಂಟ್ ಸೈನಿಕ ವಿದ್ಯಾಲಯವನ್ನು ಸೇರಿದ ಹುಡುಗ 1823ರಲ್ಲಿ ತನ್ನ ತರಗತಿಗೆ ಮೊದಲಿಗನಾಗಿ ಹೊರಬಂದನು. 1832ರಲ್ಲಿ ಶಸ್ತ್ರಾಸ್ತ್ರ ಶಾಖೆಗೆ ಸೇರಿದನು. ಕತ್ತಿ ಹಿರಿದು ಮುನ್ನುಗ್ಗುವ ವೀರನಲ್ಲ ಈತ. ಅಳೆದು ನೋಡದೆ ಏನನ್ನೂ ಒಪ್ಪದ ವಿಜ್ಞಾನಿ. ವಾಷಿಂಗ್ಟನ್ನಿನ ಶಸ್ತ್ರಾಗಾರದಲ್ಲಿ 1843-44ರಲ್ಲಿ ಭಾರವಾದ ತೋಪನ್ನು ಲೋಲಕದಂತೆ ತೂಗುಹಾಕಿ ಹಾರಿಸಿ, ಅದು ಹಿಂದಕ್ಕೆ ತೂಗಿದ ದೂರದಿಂದ ಮದ್ದಿನ ಬಲವನ್ನು ಲೆಕ್ಕಹಾಕಿದನು. ಅದರ ವರದಿ 1845ರಲ್ಲಿ ಅಚ್ಚಾಯಿತು.

1855ರಲ್ಲಿ ಕ್ರಿಮಿಯಾ ಯುದ್ಧವನ್ನು ಅಭ್ಯಸಿಸಲು ಯೂರೋಪಿಗೆ ಹೋದ ಮೂವರು ಅಧಿಕಾರಿಗಳಲ್ಲಿ ಮಾರ್ಡಕಾಯ್ ಒಬ್ಬ. ಅವರನ್ನು ಕಳುಹಿಸಿದ ಯುದ್ಧಮಂತ್ರಿ ಜೆಫರ್ಸನ್ ಡೇವಿಸ್. ಆರು ವರ್ಷ ಕಳೆಯುವುದರೊಳಗೆ ಅದೇ ಡೇವಿಸ್ ಒಕ್ಕೂಟದಿಂದ ಸಿಡಿದ ದಕ್ಷಿಣದ ಸಂಸ್ಥಾನಗಳಿಗೆ ಅಧ್ಯಕ್ಷನಾದನು.

1861ರಲ್ಲಿ ಅಂತರ್ಯುದ್ಧ ಹೊತ್ತಿಕೊಂಡಾಗ ಮಾರ್ಡಕಾಯ್ ನ್ಯೂಯಾರ್ಕ್ ಸಂಸ್ಥಾನದ ವಾಟರ್‌ವ್ಲಿಯೆಟ್ ಶಸ್ತ್ರಾಗಾರದ ಮುಖ್ಯಸ್ಥ. ವೃದ್ಧ ತಾಯಿ, ಒಡಹುಟ್ಟಿದವರು ದಕ್ಷಿಣದಲ್ಲಿ. ಹೆಂಡತಿ ಉತ್ತರದ ಫಿಲಡೆಲ್ಫಿಯಾದವಳು. ಮಗ ಅದೇ ವರ್ಷ ವೆಸ್ಟ್ ಪಾಯಿಂಟ್ ಮುಗಿಸಿ ಉತ್ತರದ ಸೇನೆಯನ್ನು ಸೇರಿದವನು. ತಾನು ಎರಕ ಹೊಯ್ಯಿಸುವ ತೋಪು ಯಾರ ಎದೆಗೆ ಗುರಿಯಿಡುವುದು? ದಕ್ಷಿಣದಿಂದ ಉನ್ನತ ಪದವಿಯ ಕರೆ ಬಂದಿತು, ಆತನು ಒಪ್ಪಲಿಲ್ಲ. ಶಸ್ತ್ರ ತಯಾರಿಕೆಯ ಸೋಂಕಿಲ್ಲದ ಕಡೆಗೆ ತನ್ನನ್ನು ವರ್ಗಮಾಡಬೇಕೆಂದು ಉತ್ತರದವರನ್ನು ಬೇಡಿದನು, ಅದು ಕೈಗೂಡಲಿಲ್ಲ. ಮೇ ತಿಂಗಳಲ್ಲಿ ರಾಜೀನಾಮೆಯಿತ್ತನು. ಸುಮಾರು ನಾಲ್ಕು ದಶಕಗಳ ಸೇವೆ ಒಂದು ಕಾಗದದಲ್ಲಿ ಮುಗಿಯಿತು.

ಮುಂದಿನದು ಬಡತನದ ಕಾಲ. ಐವತ್ತೇಳರ ಮೇಜರ್ ಫಿಲಡೆಲ್ಫಿಯಾದಲ್ಲಿ ಗಣಿತದ ಪಾಠ ಹೇಳಿದನು. ಹೆಣ್ಣುಮಕ್ಕಳೂ ಶಾಲೆ ನಡೆಸಿ ಸಂಸಾರಕ್ಕೆ ಹೆಗಲುಕೊಟ್ಟರು. ಅಜ್ಜನ ವಿದ್ಯೆ ಮೊಮ್ಮಕ್ಕಳಿಗೆ ಅನ್ನವಾಯಿತು. 1863ರಲ್ಲಿ ಆತನು ಮೆಕ್ಸಿಕೋಗೆ ಹೋಗಿ, ವೆರಾಕ್ರೂಸ್ ಕಡಲತೀರದಿಂದ ಎರಡು ಸಾವಿರ ಮೀಟರಿಗೂ ಎತ್ತರದ ರಾಜಧಾನಿಯ ಕಡೆಗೆ ಹತ್ತಬೇಕಾಗಿದ್ದ ರೈಲುಹಾದಿಯ ಕೆಲಸದಲ್ಲಿ ಸಹಾಯಕ ಎಂಜಿನಿಯರನಾದನು. ವಿಧಿಯ ಅಣಕವನ್ನು ನೋಡಿರಿ: ಯುದ್ಧದಿಂದ ದೂರ ಸರಿದವನಿಗೆ ಅಲ್ಲಿಯೂ ಫ್ರೆಂಚ್ ಸೈನ್ಯ, ಮ್ಯಾಕ್ಸಿಮಿಲಿಯನ್ ದೊರೆ, ಮತ್ತೊಂದು ಯುದ್ಧ. 1866ರಲ್ಲಿ ಹಿಂದಿರುಗಿ, ಮರುವರ್ಷದಿಂದ ಪೆನ್ಸಿಲ್ವೇನಿಯಾದ ಕಾಲುವೆ ಕಂಪನಿಯ ಖಜಾಂಚಿಯೂ ಕಾರ್ಯದರ್ಶಿಯೂ ಆಗಿ ದುಡಿದು 1887ರಲ್ಲಿ ತೀರಿಕೊಂಡನು. ವೆರಾಕ್ರೂಸಿನ ಹಾದಿ 1873ರಲ್ಲಿ ಪೂರ್ಣವಾಗಿ ತೆರೆದಿತ್ತು.

ಈತನನ್ನು ಹೊಗಳಿ ಮುಗಿಸುವುದು ಸುಲಭ, ನ್ಯಾಯವಲ್ಲ. ಆ ಯುದ್ಧ ಬರಿಯ ದಾಯಾದಿ ಜಗಳವಾಗಿರಲಿಲ್ಲ. ಲಕ್ಷಾಂತರ ಗುಲಾಮರ ಬಿಡುಗಡೆಯ ಪ್ರಶ್ನೆ ಅದರ ಗರ್ಭದಲ್ಲಿತ್ತು. ಗುಲಾಮಗಿರಿಯ ವಿರುದ್ಧ ದನಿಯೆತ್ತಿದವನಲ್ಲ ಮಾರ್ಡಕಾಯ್. ತನ್ನ ಬಂಧುಗಳ ನೋವು ಕಂಡ ಕಣ್ಣಿಗೆ ಸಂಕೋಲೆಯವರ ನೋವು ಅಷ್ಟು ಕಾಣಲಿಲ್ಲ. ಆದರೂ ತನ್ನವರ ಮೇಲೆ ಕೈಯೆತ್ತಲಾರೆನೆಂದು ಅಧಿಕಾರ, ಅನ್ನ, ಕೀರ್ತಿ ಮೂರನ್ನೂ ಬಿಟ್ಟವನನ್ನು ಹೇಡಿಯೆನ್ನಲು ಮನಸ್ಸು ಬಾರದು. ಬಲರಾಮನು ಯುದ್ಧದ ಕೊನೆಗೆ ಹಿಂದಿರುಗಿ ಗದಾಯುದ್ಧದ ಅನ್ಯಾಯಕ್ಕೆ ಕೆರಳಿದನು. ಮಾರ್ಡಕಾಯ್ ಮತ್ತೆ ಶಸ್ತ್ರದ ಕಡೆಗೆ ತಿರುಗಲಿಲ್ಲ. ಅಳೆಯುವ ವಿದ್ಯೆಯೊಂದನ್ನೇ ಜೊತೆಯಲ್ಲಿಟ್ಟುಕೊಂಡು, ಮೊದಲು ತೋಪಿಗೆ ಕೊಟ್ಟದ್ದನ್ನು ಕೊನೆಗೆ ಹಾದಿಗೆ ಕೊಟ್ಟನು.