ಕೆಚ್ಚಲಿಗೂ ಬೇಕು ಎರಡು ತಿಂಗಳ ಬಿಡುವು

ಮನೆಯ ಹಸು ಗಬ್ಬವಾಗಿದೆ. ಇನ್ನೂ ಹಾಲು ಕೊಡ್ತಾ ಇದೆ. ಕರು ಹಾಕುವ ದಿನದ ತನಕ ಹಾಲು ಕರೆಯಬಹುದೇ? "ಬರೋ ಹಾಲನ್ನ ಯಾಕೆ ಬಿಡೋದು?" ಅಂತ ಹಲವರು ಕೇಳ್ತಾರೆ. ಇದಕ್ಕೆ ಉತ್ತರ ಕೆಚ್ಚಲಿನ ಒಳಗೇ ಇದೆ.

ಗೋಡೆಗೆ ಇಟ್ಟಿಗೆ ಹೇಗೋ, ಮೈಗೆ ಜೀವಕೋಶ ಹಾಗೆ. ಜೀವಕೋಶಗಳು ಬಲು ಚಿಕ್ಕವು. ಬರಿಗಣ್ಣಿಗೆ ಕಾಣುವುದಿಲ್ಲ. ಕೆಚ್ಚಲಿನಲ್ಲಿರುವ ಮೂರು ಬಗೆಯ ಕೋಶಗಳನ್ನು ತಿಳಿಯೋಣ.

ಒಂದು, ಹಾಲು ಮಾಡುವ ಕೋಶ. ಕೆಚ್ಚಲಿನ ಒಳಗೆ ದ್ರಾಕ್ಷಿ ಗೊಂಚಲಿನ ಹಾಗೆ ಲೆಕ್ಕವಿಲ್ಲದಷ್ಟು ಸಣ್ಣ ಚೀಲಗಳಿವೆ. ಚೀಲದ ಒಳಮೈಯಲ್ಲಿ ಈ ಕೋಶಗಳು ಸಾಲಾಗಿ ಇರುತ್ತವೆ. ರಕ್ತದಿಂದ ಸತ್ವ ಹೀರಿ ಹಾಲು ಮಾಡುತ್ತವೆ. ಒಂದು ಲೀಟರ್ ಹಾಲು ಆಗಬೇಕಾದರೆ ಮೈಯ ರಕ್ತ ಮತ್ತೆ ಮತ್ತೆ ಸುತ್ತಿ, ಸುಮಾರು 400ರಿಂದ 500 ಲೀಟರಿನಷ್ಟು ಕೆಚ್ಚಲಿನಲ್ಲಿ ಹರಿದುಹೋಗಬೇಕು.

ಎರಡು, ಹಿಂಡುವ ಕೋಶ. ಇವು ಚೀಲದ ಹೊರಗೆ ಬಲೆಯ ಹಾಗೆ ಸುತ್ತಿರುತ್ತವೆ. ಕರು ಚೀಪಿದಾಗ ಅಥವಾ ನಾವು ಕೆಚ್ಚಲು ತೊಳೆದು ನೀವಿದಾಗ, ಹಸುವಿನ ಮಿದುಳಿನಿಂದ ಆಕ್ಸಿಟೋಸಿನ್ ಎಂಬ ರಸ ರಕ್ತಕ್ಕೆ ಬರುತ್ತದೆ. ಆಗ ಈ ಕೋಶಗಳು ಚೀಲವನ್ನು ಹಿಂಡುತ್ತವೆ. ಹಾಲು ಮೊಲೆಗೆ ಇಳಿಯುತ್ತದೆ. ಹಸು ಸೊರೆ ಬಿಟ್ಟಿತು ಅನ್ನೋದು ಇದಕ್ಕೇ.

ಮೂರು, ಆಕರ ಕೋಶ. ಇದನ್ನು ಸ್ಟೆಮ್ ಸೆಲ್ ಅಂತಲೂ ಕರೀತಾರೆ. ಇದು ಬಿತ್ತನೆ ಬೀಜ ಇದ್ದ ಹಾಗೆ. ಇದರಿಂದಲೇ ಹೊಸ ಕೋಶಗಳು ಹುಟ್ಟುತ್ತವೆ. 2006ರಲ್ಲಿ ಆಸ್ಟ್ರೇಲಿಯಾ ದೇಶದ ಮೆಲ್ಬರ್ನ್ ನಗರದ ವಿಜ್ಞಾನಿಗಳು ಇಲಿಯ ಮೊಲೆಯಿಂದ ಇಂಥ ಒಂದೇ ಒಂದು ಕೋಶ ತೆಗೆದರು. ಅದನ್ನು ಬೇರೊಂದು ಇಲಿಯ ಮೈಯಲ್ಲಿ ಇಟ್ಟರು. ಅಲ್ಲಿ ಹಾಲು ಮಾಡುವ ಇಡೀ ಗ್ರಂಥಿಯೇ ಬೆಳೆಯಿತು!

ಹಸುವಿನ ಕೆಚ್ಚಲು ಹಂತ ಹಂತವಾಗಿ ಬೆಳೆಯುತ್ತದೆ. ತಾಯಿಯ ಹೊಟ್ಟೆಯಲ್ಲಿ ಇರುವಾಗಲೇ ಕರುವಿಗೆ ಮೊಲೆ ಮೂಡುತ್ತದೆ. ಕಡಸು ಬೆದೆಗೆ ಬರುವ ಕಾಲಕ್ಕೆ ಹಾಲಿನ ನಾಳಗಳು ಮರದ ಕೊಂಬೆಯಂತೆ ಕವಲೊಡೆಯುತ್ತವೆ. ಗಬ್ಬವಾದ ಮೇಲೆ ಚೀಲಗಳು ತುಂಬಿಕೊಳ್ಳುತ್ತವೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ತಿಂಗಳುಗಟ್ಟಲೆ ಹಾಲು ಮಾಡಿದ ಕೋಶಗಳು ಹಳತಾಗುತ್ತವೆ. ಕರೆಯುವುದನ್ನು ನಿಲ್ಲಿಸಿದರೆ ಹಳೆಯವು ಸತ್ತು, ಅವುಗಳ ಜಾಗಕ್ಕೆ ಹೊಸವು ಬರುತ್ತವೆ. ಇದಕ್ಕಾಗಿ ಸುಮಾರು 60 ದಿನ ಬಿಡುವು ಕೊಡಬೇಕು. ಕೊಡದಿದ್ದರೆ ಮುಂದಿನ ಸೂಲಿನಲ್ಲಿ ಹಾಲು ಕಡಿಮೆಯಾಗುತ್ತದೆ. ಗಿಣ್ಣುಹಾಲಿನ ಕಸುವೂ ತಗ್ಗುತ್ತದೆ. ಅದರಿಂದ ಕರುವಿಗೂ ನಷ್ಟ. ಎರಡು ತಿಂಗಳ ಹಾಲಿನ ಆಸೆಗೆ ಮುಂದಿನ ಸೂಲಿನ ಹಾಲಿನಲ್ಲಿ ಒಂದು ಪಾಲು ಕಳೆದುಕೊಂಡ ಹಾಗೆ ಆಗುತ್ತದೆ.

ಹಸು ಸುಮಾರು 280 ದಿನಕ್ಕೆ ಕರು ಹಾಕುತ್ತದೆ. ಆದ್ದರಿಂದ 220ನೇ ದಿನದ ಹೊತ್ತಿಗೆ ಹಾಲು ಬತ್ತಿಸಿ. ಬತ್ತಿಸುವ ಕ್ರಮವನ್ನು ಪಶುವೈದ್ಯರಿಂದ ಕೇಳಿ ತಿಳಿಯಿರಿ. ಕೆಚ್ಚಲು ಬಾವು ಕಂಡರೆ ತಡಮಾಡದೆ ತೋರಿಸಿ. ಬಾವು ಹಾಲು ಮಾಡುವ ಕೋಶಗಳನ್ನೇ ಕೊಲ್ಲುತ್ತದೆ.

ಗಬ್ಬ ಕಟ್ಟಿಸಿದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಬರೆಯೋದು ಈಗ ನಿಮಗೇ ಬರುತ್ತದಲ್ಲ!